ಹೊಸ ಮಗು ಬಂದ ಮನೆಗೆ ಕಡಿಮೆ ಖರ್ಚಿನ ಸಸ್ಯಾಹಾರಿ ಊಟ: ಏನು ಮಾಡಿ ಕೊಡಲಿ?

ಪಕ್ಕದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯಲ್ಲಿ ಹೋದ ವಾರ ಮಗು ಹುಟ್ಟಿದೆ. ಗಂಡ, ಹೆಂಡತಿ, ನಾಲ್ಕು ವರ್ಷದ ದೊಡ್ಡ ಮಗಳು, ಈಗ ಈ ಪುಟ್ಟದು. ಸಹಾಯಕ್ಕೆ ಬಂದಿರುವ ಅಜ್ಜಿ ಸದ್ಯದಲ್ಲೇ ವಾಪಸ್ ಹೋಗುತ್ತಾರಂತೆ. ಆಮೇಲೆ ಊಟಕ್ಕೆ ಏನು ಮಾಡೋದು ಅಂತ ಅವರು ಚಿಂತೆ ಮಾಡುತ್ತಿದ್ದರು. ನಾನು ಮಾಡಿ ಕೊಡುತ್ತೇನೆ ಅಂತ ಹೇಳಿದ್ದೇನೆ, ಮನಸಾರೆ ಹೇಳಿದ್ದೇನೆ. ಆದರೆ ಸದ್ಯಕ್ಕೆ ನನ್ನ ಕೈ ಬಿಗಿ ಇದೆ. ಚೀಸು, ಬಾದಾಮಿ, ಬೆಣ್ಣೆ ಅಂತ ಧಾರಾಳವಾಗಿ ಹಾಕಿ ಮಾಡೋಕೆ ಆಗಲ್ಲ. ಹಾಗಂತ ಬರೀ ಬೇಳೆ, ಕಾಳು ಬೇಯಿಸಿ ಡಬ್ಬಿಗೆ ತುಂಬಿಕೊಂಡು ಹೋದರೆ ಏನಂದುಕೊಳ್ಳುತ್ತಾರೋ ಅನ್ನೋ ಅಳುಕು. ಎರಡೂ ಮನೆಯವರು ಸಸ್ಯಾಹಾರಿಗಳೇ. ನೀವೆಲ್ಲ ಏನು ಮಾಡಿ ಕೊಟ್ಟಿದ್ದೀರಿ, ಯಾರಾದರೂ ತಂದುಕೊಟ್ಟಿದ್ದರಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಯಾವುದು, ದಯವಿಟ್ಟು ಹೇಳಿ.

ಕಾಳುಪ್ರಿಯೆ:
ಅಳುಕು ಬಿಡಿ ಮೊದಲು. ಬಾಣಂತಿ ಇರೋ ಮನೆಗೆ ಬೇಳೆ ಕಾಳಿಗಿಂತ ಒಳ್ಳೆಯದು ಇನ್ನೇನಿದೆ? ಮೊಲೆಯೂಡಿಸೋ ತಾಯಿಗೆ ದಿನಕ್ಕೆ ಸುಮಾರು 340ರಿಂದ 400 ಕ್ಯಾಲೊರಿ ಜಾಸ್ತಿ ಬೇಕಾಗುತ್ತದೆ, ಪ್ರೋಟೀನೂ ಜಾಸ್ತಿ ಬೇಕು. ಬೇಯಿಸಿದ 100 ಗ್ರಾಂ ಮಸೂರದಲ್ಲಿ ಸುಮಾರು 9 ಗ್ರಾಂ ಪ್ರೋಟೀನ್ ಇರುತ್ತದೆ. ನಾರು ಇರುತ್ತದೆ, ಕಬ್ಬಿಣ ಇರುತ್ತದೆ. ಹೆರಿಗೆ ಆದ ಮೇಲೆ ಮಲಬದ್ಧತೆ ಎಷ್ಟು ಹಿಂಸೆ ಕೊಡುತ್ತದೆ ಅನ್ನೋದು ಅನುಭವಿಸಿದವರಿಗೇ ಗೊತ್ತು, ಬರೀ ಮೈದಾ ಮತ್ತು ಸಿಹಿ ತಂದುಕೊಡೋರ ಮಧ್ಯೆ ಒಂದು ಡಬ್ಬಿ ಕಾಳು ತರಕಾರಿ ಬಂದರೆ ಆ ತಾಯಿ ಮನಸ್ಸಿನಲ್ಲೇ ಕೈ ಮುಗಿಯುತ್ತಾಳೆ.

ಖರ್ಚಿನ ಲೆಕ್ಕದಲ್ಲೂ ಒಣ ಕಾಳಿನಷ್ಟು ಹಿಗ್ಗೋದು ಬೇರೆ ಇಲ್ಲ. ಒಂದು ಲೋಟ ಒಣ ಕಡಲೆ ನೆನೆಸಿ ಬೇಯಿಸಿದರೆ ಎರಡೂವರೆಯಿಂದ ಮೂರು ಲೋಟ ಆಗುತ್ತದೆ.

ನಾನು ಮಾಡೋದು ಹೀಗೆ. ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ. ಇದನ್ನು ಅವಸರ ಮಾಡಬಾರದು, ಸಣ್ಣ ಉರಿಯಲ್ಲಿ ಅಂಚು ಕಂದು ಬಣ್ಣಕ್ಕೆ ತಿರುಗಿ ಮನೆಯೆಲ್ಲ ಸಿಹಿ ವಾಸನೆ ಬರೋವರೆಗೆ ಬಾಡಿಸಬೇಕು, ಯಾಕಂದರೆ ಕಡಿಮೆ ಸಾಮಾನಿನ ಅಡುಗೆಗೆ ರುಚಿ ಬರೋದೇ ಇಲ್ಲಿಂದ. ಆಮೇಲೆ ಬೆಳ್ಳುಳ್ಳಿ, ಜೀರಿಗೆ, ಕ್ಯಾರೆಟ್. ತೊಳೆದ ಕೆಂಪು ಮಸೂರ, ಅದರ ಮೂರರಷ್ಟು ನೀರು. ನೆನೆಸೋ ಕೆಲಸ ಇಲ್ಲ, ಸುಮಾರು 20 ನಿಮಿಷಕ್ಕೆ ಕರಗಿಹೋಗುತ್ತದೆ. ಕೊನೆಗೆ ಟೊಮ್ಯಾಟೊ, ಒಂದು ಹಿಡಿ ಪಾಲಕ್, ಉಪ್ಪು. ಟೊಮ್ಯಾಟೊ ಮೊದಲೇ ಹಾಕಿದರೆ ಹುಳಿಗೆ ಬೇಳೆ ಬೇಗ ಬೇಯಲ್ಲ, ಅದಕ್ಕೇ ಕೊನೆಗೆ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇರಲಿ. ಬೇಕಾದರೆ ಅವರು ನೀರು ಸೇರಿಸಿಕೊಂಡು ತೆಳ್ಳಗೆ ಮಾಡಿಕೊಳ್ಳಲಿ. ಅನ್ನಕ್ಕೂ ಆಗುತ್ತದೆ, ರೊಟ್ಟಿಗೂ ಆಗುತ್ತದೆ, ಬ್ರೆಡ್ಡಿಗೂ ಆಗುತ್ತದೆ, ಸುಮ್ನೆ ಬಟ್ಟಲಿಗೆ ಹಾಕಿಕೊಂಡು ತಿನ್ನೋಕೂ ಆಗುತ್ತದೆ.

ಅವಳಿಗಳ ಅಪ್ಪ:
ಮೇಡಂ ಹೇಳಿದ "ಗಟ್ಟಿ ಇರಲಿ" ಅನ್ನೋ ಮಾತಿಗೆ ನನ್ನದೂ ಒಂದು ಓಟು. ನಮ್ಮ ಮನೆಗೆ ಬಂದಿದ್ದ ಊಟಗಳಲ್ಲಿ ರುಚಿ ಎಲ್ಲದಕ್ಕೂ ಇತ್ತು. ಆದರೆ ಖಾಲಿಯಾಗುತ್ತಿದ್ದಿದ್ದು ಒಂದು ಕೈಯಲ್ಲಿ ತಿನ್ನೋಕೆ ಆಗೋವು ಮಾತ್ರ.

ಹುಟ್ಟಿದ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಒಂದೊಂದು ಸಲಕ್ಕೂ ಅರ್ಧ ಗಂಟೆ ಮೇಲೆ ಹಿಡಿದರೆ ಆಶ್ಚರ್ಯ ಇಲ್ಲ. ತೇಗು ತೆಗೆಸಬೇಕು, ಬಟ್ಟೆ ಬದಲಾಯಿಸಬೇಕು, ಮಲಗಿಸಬೇಕು, ಅಷ್ಟರಲ್ಲಿ ಮತ್ತೆ ಹಸಿವು. ನನ್ನ ಹೆಂಡತಿ ತಿನ್ನುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ: ಎಡಗೈ ಮಗುವಿನ ತಲೆಯ ಕೆಳಗೆ, ಬಲಗೈಯಲ್ಲಿ ಕಾಗದ ಸುತ್ತಿದ ರೊಟ್ಟಿ ರೋಲು, ಹಲ್ಲಿನಲ್ಲೇ ಕಾಗದ ಒಂದು ಸುತ್ತು ಕೆಳಗೆ ಎಳೆದು ಕಚ್ಚುತ್ತಿದ್ದಳು. ತಟ್ಟೆ ಇಡೋಕೆ ಜಾಗ ಇರಲಿಲ್ಲ, ತೊಡೆ ಮೇಲೆ ದಿಂಬು, ದಿಂಬಿನ ಮೇಲೆ ಮಗು. ಬಿಸಿ ಬಿಸಿ ತಿಳಿ ಸೂಪನ್ನು ಮಗುವಿನ ತಲೆ ಮೇಲಿಂದ ಬಾಯಿಗೆ ತಗೊಳ್ಳೋಕೆ ಯಾವ ತಾಯಿಗೆ ಧೈರ್ಯ ಬರುತ್ತದೆ ಹೇಳಿ?

ಆದ್ದರಿಂದ ನನ್ನ ಸಲಹೆ ಇಷ್ಟೇ. ಅದೇ ಬೇಳೆ, ಅದೇ ಕಾಳು, ಆದರೆ ಕೈಗೆ ಸಿಗೋ ಹಾಗೆ ಮಾಡಿ. ಬೆಂದ ಕಡಲೆಯನ್ನು ಒರಟಾಗಿ ಜಜ್ಜಿ ಈರುಳ್ಳಿ, ನಿಂಬೆರಸ, ಮೊಸರು ಕಲಸಿ ರೊಟ್ಟಿಯಲ್ಲಿ ಸುತ್ತಿ ಕೊಡಿ. ಆಲೂಗಡ್ಡೆ ಬಟಾಣಿ ಒಳಗಿಟ್ಟ ಬನ್ನು. ಕಾಳು ಅರೆದು ಓಟ್ಸ್ ಸೇರಿಸಿ ತಟ್ಟಿ ಕಾವಲಿ ಮೇಲೆ ಬೇಯಿಸಿದ ಬಿಲ್ಲೆಗಳು ಆರಿದ ಮೇಲೂ ಚೆನ್ನಾಗಿರುತ್ತವೆ. ಮತ್ತೆ, ದಯವಿಟ್ಟು, ರಾತ್ರಿಗೆ ಅಂತ ಏನಾದರೂ ಬೇರೆಯಾಗಿ ಕಟ್ಟಿಕೊಡಿ. ರಾತ್ರಿ ಮೂರು ಗಂಟೆಗೆ ಹಾಲು ಕುಡಿಸೋವಾಗ ಬರೋ ಹಸಿವು ಹಗಲಿನ ಹಸಿವಿನ ಥರ ಅಲ್ಲ. ಹಣ್ಣಾದ ಬಾಳೆಹಣ್ಣು ಕಿವುಚಿ, ಓಟ್ಸ್, ಹುರಿದ ಕಡಲೆಕಾಯಿ, ಒಂದಿಷ್ಟು ಖರ್ಜೂರ ಸೇರಿಸಿ ತಟ್ಟಿ ಬೇಯಿಸಿದ ತುಂಡುಗಳು ಹಾಸಿಗೆ ಪಕ್ಕದ ಡಬ್ಬಿಯಲ್ಲಿ ಇದ್ದರೆ ಸಾಕು, ಯಾರನ್ನೂ ಎಬ್ಬಿಸಬೇಕಿಲ್ಲ. ಕಡಲೆಕಾಯಿ ಅವರ ಮನೆಯಲ್ಲಿ ಯಾರಿಗಾದರೂ ಅಲರ್ಜಿಯಾ ಅಂತ ಮೊದಲೇ ಕೇಳಿಕೊಳ್ಳಿ.

ಹಳೇ ಅಡುಗೆಯವನು:
ನಾನು ಬಹಳ ಕಾಲ ದೊಡ್ಡ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು. ಏನು ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಮಾಡಿದ್ದನ್ನು ಹೇಗೆ ಆರಿಸಿ ತಗೊಂಡು ಹೋಗಬೇಕು ಅಂತ ಯಾರೂ ಹೇಳಲ್ಲ. ಹೆರಿಗೆ ಆಗಿ ಸುಸ್ತಾದ ತಾಯಿಗೆ, ನಾಲ್ಕು ವರ್ಷದ ಮಗುವಿಗೆ ಕೊಡೋ ಊಟ ಇದು. ಹೊಟ್ಟೆ ಕೆಟ್ಟರೆ ಇಡೀ ಮನೆ ಮಲಗುತ್ತದೆ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ಮಧ್ಯೆ ಬ್ಯಾಕ್ಟೀರಿಯಾ ಸರಸರ ಬೆಳೆಯುತ್ತವೆ. ಬೆಂದ ಊಟ ಆ ಮಧ್ಯದಲ್ಲಿ 2 ಗಂಟೆಗಿಂತ ಜಾಸ್ತಿ ಇರಬಾರದು, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಒಂದೋ ಬಿಸಿಬಿಸಿ ತಗೊಂಡು ಹೋಗಿ ಕೊಡಿ, ಇಲ್ಲಾ ಪೂರ್ತಿ ತಣ್ಣಗೆ ಮಾಡಿ ಕೊಡಿ. ಉಗುರುಬೆಚ್ಚಗಿನ ಡಬ್ಬಿ ಮಾತ್ರ ಬೇಡ. ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಟ್ಟರೆ ಬೇಳೆ ಮೇಲೆ ತಣ್ಣಗೆ ಕಂಡರೂ ನಡುವೆ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ. ಅಗಲವಾದ ತಟ್ಟೆಗೆ ಎರಡು ಬೆರಳು ಎತ್ತರಕ್ಕೆ ಹರಡಿ, ಆ ತಟ್ಟೆಯನ್ನು ತಣ್ಣೀರಿನ ಮೇಲೆ ಇಟ್ಟು ಆಗಾಗ ಕೈಯಾಡಿಸಿ. ಬೇಗ ಆರುತ್ತದೆ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅವು ಕುದಿಸಿದರೂ ಸಾಯಲ್ಲ. ಅನ್ನ ಹೊರಗೆ ಇದ್ದಷ್ಟು ಹೊತ್ತೂ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಆದಷ್ಟು ಒಂದು ಗಂಟೆಯೊಳಗೆ ತಣ್ಣಗೆ ಮಾಡಿ ಫ್ರಿಜ್ಜಿಗೆ, ಮಾರನೇ ದಿನದೊಳಗೆ ಖಾಲಿ. ನನ್ನನ್ನು ಕೇಳಿದರೆ ಅನ್ನ ತಗೊಂಡು ಹೋಗಲೇಬೇಡಿ. ಅನ್ನ ಅವರೇ ಇಟ್ಟುಕೊಳ್ಳುತ್ತಾರೆ, ಅದು ಕಷ್ಟ ಅಲ್ಲ. ಕಷ್ಟ ಇರೋದು ಅದರ ಜೊತೆಗೆ ಏನು ಅನ್ನೋದರಲ್ಲಿ.

ಇನ್ನೊಂದು, ರಾಜ್ಮಾ ಅಂದರೆ ಕೆಂಪು ಕಿಡ್ನಿ ಬೀನ್ಸ್ ಮಾಡೋದಾದರೆ ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಅಂತ ಅರ್ಧ ಗಂಟೆ ಕುದಿಸಿ, ಆಮೇಲೆ ಮೆತ್ತಗಾಗೋವರೆಗೆ ಬೇಯಿಸಿ. ಹಸಿ ಕಾಳಿನಲ್ಲಿ ಲೆಕ್ಟಿನ್ ಅನ್ನೋ ವಿಷದಂಥ ಪ್ರೋಟೀನ್ ಇರುತ್ತದೆ, ಅರೆಬೆಂದರೆ ವಾಂತಿ ಭೇದಿ ಆಗಬಹುದು. ನಿಧಾನಕ್ಕೆ ಬೇಯಿಸೋ ವಿದ್ಯುತ್ ಪಾತ್ರೆಗೆ ನೆನೆಸಿದ ಕಾಳನ್ನು ನೇರ ಹಾಕಬೇಡಿ, ಅದರ ಬಿಸಿ ಸಾಲದು. ಪ್ರೆಷರ್ ಕುಕ್ಕರ್ ಆದರೆ ಚಿಂತೆ ಇಲ್ಲ.

ಪಕ್ಕದಮನೆ:
ಎಷ್ಟು ಒಳ್ಳೆಯ ಮಾಹಿತಿ ಕೊಟ್ಟಿರಿ! ರೋಲು ಮತ್ತೆ ಗಟ್ಟಿ ಬೇಳೆ ಎರಡೂ ಮಾಡುತ್ತೇನೆ. ಆದರೆ ಒಂದು ಅನುಮಾನ. ಕಾಳು, ಎಲೆಕೋಸು, ಬೆಳ್ಳುಳ್ಳಿ ಬಾಣಂತಿ ತಿಂದರೆ ಮಗುವಿಗೆ ವಾಯು ಆಗುತ್ತದೆ ಅಂತ ತುಂಬಾ ಜನ ಹೇಳುತ್ತಾರಲ್ಲ. ಅದು ನಿಜವಾ? ನಿಜ ಆದರೆ ನನ್ನ ಪಟ್ಟಿಯಲ್ಲಿ ಏನೂ ಉಳಿಯಲ್ಲ.

ನರ್ಸಮ್ಮ:
ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ಈ ಪ್ರಶ್ನೆ ದಿನಾ ಕೇಳುತ್ತೇನೆ. ಕಾಳು ತಿಂದಾಗ ಆಗೋ ವಾಯು ತಿಂದವರ ಕರುಳಿನಲ್ಲಿ, ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ಒಡೆಯೋದರಿಂದ ಆಗೋದು. ಆ ಗ್ಯಾಸು ಆಗಲಿ, ನಾರಾಗಲಿ ಎದೆಹಾಲಿಗೆ ಹೋಗಲ್ಲ. ಎದೆಹಾಲು ತಯಾರಾಗೋದು ತಾಯಿಯ ರಕ್ತದಲ್ಲಿರೋ ಪೋಷಕಾಂಶದಿಂದ, ಹೊಟ್ಟೆಯಿಂದ ನೇರ ಅಲ್ಲ.

ಬೆಳ್ಳುಳ್ಳಿ ವಾಸನೆ ಮಾತ್ರ ಹಾಲಿಗೆ ಬರುತ್ತದೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದರು. ಆ ವಾಸನೆ ಬಂದಾಗ ಮಕ್ಕಳು ಮೊಲೆ ಬಿಡಲಿಲ್ಲ, ಇನ್ನೂ ಜಾಸ್ತಿ ಹೊತ್ತು ಕಚ್ಚಿಕೊಂಡಿದ್ದವು. ಹಾಗಾಗಿ ಅದಕ್ಕೂ ಹೆದರಬೇಕಿಲ್ಲ. ಕೆಲವು ಮಕ್ಕಳಿಗೆ ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನ್ ಒಗ್ಗದೇ ಇರಬಹುದು. ಅಂಥ ಮಗು ಇದ್ದರೆ ಡಾಕ್ಟರು ತಾಯಿಗೆ ಹಾಲು ಮೊಸರು ಬಿಡೋಕೆ ಹೇಳಿರುತ್ತಾರೆ. ಅದಕ್ಕೇ "ಏನಾದರೂ ಬಿಟ್ಟಿದ್ದೀರಾ" ಅಂತ ಕೇಳಿ ಮಾಡಿ.

ಆದರೆ ತಾಯಿಗೇ ಹೊಟ್ಟೆ ಉಬ್ಬರ ಆಗೋದು ನಿಜ. ಸಿಸೇರಿಯನ್ ಆದವರಿಗಂತೂ ಮೊದಲ ದಿನಗಳಲ್ಲಿ ಅದು ತುಂಬಾ ನೋವು. ಅಂಥವರಿಗೆ ಶುರುವಿನಲ್ಲಿ ಇಡೀ ಕಾಳಿಗಿಂತ ಸಿಪ್ಪೆ ತೆಗೆದ ಬೇಳೆ ಹಗುರ. ಕಾಳು ನೆನೆಸಿದ ನೀರು ಚೆಲ್ಲಿದರೂ ಸ್ವಲ್ಪ ಅನುಕೂಲ. ಮನೆಯ ದೊಡ್ಡವರು ಬೇಡ ಅಂತ ಹೇಳಿದ್ದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ, ಆ ವಾದದ ಭಾರವೂ ಕೊನೆಗೆ ತಾಯಿಯ ಮೇಲೇ ಬೀಳುತ್ತದೆ. ಅವರು ಒಪ್ಪೋದನ್ನೇ ಮಾಡಿ.

ಸಸ್ಯಾಹಾರಿ ತಾಯಿ ಅಂದಾಗ ಎರಡು ವಿಷಯ ನನ್ನ ತಲೆಗೆ ಬರುತ್ತದೆ. ಒಂದು ಕಬ್ಬಿಣ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಬೇಕು, ಆದ್ದರಿಂದ ಡಬ್ಬಿಯ ಜೊತೆ ಒಂದು ನಿಂಬೆಹಣ್ಣೋ ಕಿತ್ತಳೆಯೋ ಇಡಿ. ಟೀ ಕಾಫಿ ಊಟದ ಜೊತೆಗೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ಎರಡನೆಯದು ಬಿ12. ಇದು ಬೇಳೆ ತರಕಾರಿಯಲ್ಲಿ ಇಲ್ಲವೇ ಇಲ್ಲ. ಹಾಲು, ಮೊಸರು, ಚೀಸು, ತಿನ್ನೋರಾದರೆ ಮೊಟ್ಟೆಯಲ್ಲಿ ಇದೆ. ತಾಯಿಗೆ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ, ಮಗುವಿನ ನರಗಳ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಹಾಲನ್ನೂ ಬಿಟ್ಟವರಾದರೆ ಮಾತ್ರೆ ಬೇಕೇ ಬೇಕು, ಅದನ್ನು ಅವರ ಡಾಕ್ಟರು ನೋಡಿಕೊಳ್ಳುತ್ತಾರೆ.

ಇನ್ನು ಜೇನುತುಪ್ಪ. ತಾಯಿ ತಿನ್ನಬಹುದು. ಮಗುವಿನ ಬಾಯಿಗೆ ಮಾತ್ರ ಒಂದು ಹನಿಯೂ ಹೋಗಬಾರದು, 12 ತಿಂಗಳು ತುಂಬೋವರೆಗೆ. ಬಾಟ್ಯುಲಿಸಂ ಅನ್ನೋ ಕಾಯಿಲೆ ಬರಬಹುದು, ಉಸಿರಾಟಕ್ಕೇ ತೊಂದರೆ ಆಗುತ್ತದೆ. ನೀವು ಮಾಡಿದ ಓಟ್ಸ್ ತುಂಡಿನಲ್ಲಿ ಜೇನು ಇದ್ದರೆ ಡಬ್ಬಿ ಮೇಲೆ ಬರೆದುಬಿಡಿ.

ಎರಡನೇ ಬಾಣಂತನ:
ನಾನು ಊಟಕ್ಕಿಂತ ಸಮಯದ ಬಗ್ಗೆ ಹೇಳುತ್ತೇನೆ. ಮೊದಲ ವಾರ ಎಲ್ಲರೂ ತರುತ್ತಾರೆ. ಫ್ರಿಜ್ಜಿನಲ್ಲಿ ಜಾಗ ಇರಲ್ಲ, ಅರ್ಧ ಹಾಳಾಗುತ್ತದೆ. ಮೂರನೇ ವಾರ, ನಾಲ್ಕನೇ ವಾರ ಬಾಗಿಲು ತಟ್ಟೋರು ಯಾರೂ ಇರಲ್ಲ. ಅಷ್ಟರಲ್ಲಿ ಬಂದಿದ್ದವರು ಹೊರಟಿರುತ್ತಾರೆ, ಗಂಡನ ರಜೆ ಮುಗಿದಿರುತ್ತದೆ, ನಿದ್ದೆ ಸಾಲ ಬೆಟ್ಟದಷ್ಟು ಆಗಿರುತ್ತದೆ. ನಿಮ್ಮ ಪಕ್ಕದ ಮನೆಯ ಅಜ್ಜಿ ಹೊರಟ ದಿನದಿಂದ ಶುರು ಮಾಡಿ. ದುಡ್ಡು ಕಡಿಮೆ ಇದ್ದಾಗ ಇದು ಇನ್ನೂ ಮುಖ್ಯ, ನೀವು ಮಾಡೋ ನಾಲ್ಕು ಊಟವೂ ಬೇಕಾದ ದಿನಕ್ಕೇ ಹೋಗಬೇಕು.

ದಿನಾ ಬೇಡ. ದಿನ ಬಿಟ್ಟು ದಿನ ಸಾಕು, ಒಂದು ಸಲ ಕೊಟ್ಟಿದ್ದು ಎರಡು ಹೊತ್ತಿಗೆ ಬರೋ ಹಾಗೆ. ಬೇರೆಯವರೂ ಸೇರೋದಾದರೆ ಯಾವ ದಿನ ಯಾರು, ಏನು ಅಂತ ಒಂದೇ ಕಡೆ ಬರೆದಿಡಿ. ಇಲ್ಲದಿದ್ದರೆ ಐದು ಮನೆಯಿಂದಲೂ ಅದೇ ಪಾಸ್ತಾ ಬರುತ್ತದೆ. ತಾಯಿಗೆ ಹತ್ತು ಜನ ಫೋನ್ ಮಾಡಿ "ಏನು ತರಲಿ" ಅಂತ ಕೇಳೋ ಬದಲು ಒಬ್ಬರೇ ಒಂದು ಸಲ ಕೇಳಿ ಎಲ್ಲರಿಗೂ ಹೇಳಲಿ. ಕೇಳೋವಾಗಲೂ "ಏನು ಬೇಕು" ಅನ್ನಬೇಡಿ, ಅವಳು "ಏನೂ ಬೇಡ" ಅಂತಲೇ ಅನ್ನೋದು. "ಬುಧವಾರ ಸಂಜೆ ಬೇಳೆ ತರಲಾ, ಕಡಲೆ ರೋಲ್ ತರಲಾ" ಅಂತ ಕೇಳಿ.

ದೊಡ್ಡ ಮಗಳನ್ನು ಮರೀಬೇಡಿ. ಆ ನಾಲ್ಕು ವರ್ಷದ ಕೂಸಿಗೆ ಇದ್ದಕ್ಕಿದ್ದ ಹಾಗೆ ಅಮ್ಮನ ತೊಡೆ ಇಲ್ಲ. ಅವಳಿಗೆ ಅಂತಲೇ ಖಾರ ಹಾಕದ ಒಂದು ಪುಟ್ಟ ಡಬ್ಬಿ, ಅದರ ಮೇಲೆ ಅವಳ ಹೆಸರು. ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಜೋಳ, ಹೆಚ್ಚಿದ ಹಣ್ಣು, ಏನಾದರೂ ಸರಿ. ಖಾರವನ್ನು ಎಲ್ಲರದ್ದರಲ್ಲೂ ಕಡಿಮೆ ಹಾಕಿ ಬೇರೆ ಕೊಟ್ಟರೆ ಒಂದೇ ಅಡುಗೆ ಎಲ್ಲರಿಗೂ ಆಗುತ್ತದೆ.

ಮತ್ತೆ ಒಳಗೆ ಹೋಗಿ ಕೂರಬೇಡಿ. ಬಾಗಿಲಲ್ಲಿ ಇಟ್ಟು ಮೆಸೇಜ್ ಹಾಕಿ ಬನ್ನಿ. ಮನೆ ಗುಡಿಸಿಲ್ಲ, ಬಟ್ಟೆ ಸರಿ ಇಲ್ಲ ಅಂತ ಅವಳಿಗೆ ಸಂಕೋಚ.

ಒಂಟಿ ಅಮ್ಮ:
ಕೊನೆಯ ಮಾತು ನಾನು ಒಪ್ಪಲ್ಲ ಅಕ್ಕಾ. ನನಗೆ ಊಟಕ್ಕಿಂತ ಮಾತಾಡೋ ಮನುಷ್ಯರು ಬೇಕಾಗಿತ್ತು. ಇಡೀ ದಿನ ಮಗು ಜೊತೆ ನಾನೊಬ್ಬಳೇ. ಬಾಗಿಲಲ್ಲಿ ಡಬ್ಬಿ ಇಟ್ಟು ಹೋಗೋರನ್ನು ಕಿಟಕಿಯಿಂದ ನೋಡಿ ಅತ್ತಿದ್ದೂ ಉಂಟು. "ಇಟ್ಟು ಹೋಗಲಾ, ಹತ್ತು ನಿಮಿಷ ಕೂರಲಾ, ನಿನಗೆ ಯಾವುದು ಸರಿ" ಅಂತ ಕೇಳಿದರೆ ಏನು ಹೋಗುತ್ತದೆ? ಕೂತರೆ ಕೈ ತೊಳೆದು ಕೂತುಕೊಳ್ಳಿ, ಟೀ ನೀವೇ ಮಾಡಿ, ಏಳೋವಾಗ ಸಿಂಕಿನಲ್ಲಿರೋ ಪಾತ್ರೆ ತೊಳೆದು ಎದ್ದು ಬನ್ನಿ. ನೆಗಡಿ ಕೆಮ್ಮು ಇದ್ದರೆ ಮಾತ್ರ ಹೊಸಿಲು ದಾಟಬೇಡಿ.

ಎರಡನೇ ಬಾಣಂತನ:
ಸರಿಯಾದ ಮಾತು. ಕೇಳೋದೇ ವಾಸಿ. ನಮ್ಮ ಮನೆಯಲ್ಲಿ ಜನ ಜಾಸ್ತಿ ಇದ್ದರು, ಅದಕ್ಕೇ ನನಗೆ ಹಾಗೆ ಅನಿಸಿತ್ತು.

ಕಾಳುಪ್ರಿಯೆ:
ಪಕ್ಕದಮನೆಯವರೇ, ಖರ್ಚು ಉಳಿಸೋಕೆ ಇನ್ನೂ ಒಂದೆರಡು. ಫ್ರೋಜನ್ ಬಟಾಣಿ, ಪಾಲಕ್ ಹಿಂಜರಿಯದೆ ಬಳಸಿ. ಕಿತ್ತ ಕೂಡಲೇ ಹೆಪ್ಪುಗಟ್ಟಿಸಿರುತ್ತಾರೆ, ಸತ್ವ ತಾಜಾದಷ್ಟೇ ಇರುತ್ತದೆ, ಬಿಡಿಸೋ ಕೆಲಸವೂ ಇಲ್ಲ. ಸೋಯಾ ಚಂಕ್ಸ್ ಒಣ ತೂಕದ ಅರ್ಧದಷ್ಟು ಪ್ರೋಟೀನೇ, ನೆನೆಸಿ ಹಿಂಡಿ ಸಣ್ಣಗೆ ಪುಡಿ ಮಾಡಿ ಟೊಮ್ಯಾಟೊ ಸಾಸಿನಲ್ಲಿ ಬೇಯಿಸಿದರೆ ಪಾಸ್ತಾಗೂ ಬನ್ನಿಗೂ ಆಗುತ್ತದೆ. ಎಲ್ಲಕ್ಕಿಂತ ಸುಲಭ ಅಂದರೆ ನಿಮ್ಮ ಮನೆಗೆ ಮಾಡೋ ದಿನವೇ ಎರಡರಷ್ಟು ಮಾಡೋದು. ಗ್ಯಾಸೂ ಒಂದೇ, ಈರುಳ್ಳಿ ಹೆಚ್ಚೋ ಕೆಲಸವೂ ಒಂದೇ ಸಲ.

ಪಕ್ಕದಮನೆ:
ಹಾಗಾದರೆ ಹೀಗೆ ಮಾಡುತ್ತೇನೆ. ಅಜ್ಜಿ ಹೊರಡೋ ಸಂಜೆ ಮಸೂರ ಪಾಲಕ್, ಜೊತೆಗೆ ನಿಂಬೆಹಣ್ಣು, ಮೊಸರು. ಒಂದು ದಿನ ಬಿಟ್ಟು ಕಡಲೆ ರೋಲು ಮತ್ತೆ ರಾತ್ರಿಗೆ ಓಟ್ಸ್ ತುಂಡು. ಪುಟ್ಟಿಗೆ ಅವಳ ಹೆಸರಿನ ಡಬ್ಬಿ. ಕೂರಬೇಕೋ ಬೇಡವೋ ಅಂತ ಅವರನ್ನೇ ಕೇಳುತ್ತೇನೆ. ಡಬ್ಬಿಗಳದ್ದು ಏನು ಮಾಡಲಿ? ಬಿಸಾಡೋ ಪ್ಲಾಸ್ಟಿಕ್ ನನಗೆ ಇಷ್ಟ ಇಲ್ಲ, ಒಳ್ಳೆಯ ಡಬ್ಬಿ ಕೊಟ್ಟರೆ ತೊಳೆದು ವಾಪಸ್ ಕೊಡೋ ಯೋಚನೆ ಅವರಿಗೆ. ಮತ್ತೆ ಸ್ವಲ್ಪ ಫ್ರೀಜರಿಗೂ ಮಾಡಿ ಕೊಡಬಹುದಾ?

ಹಳೇ ಅಡುಗೆಯವನು:
ಉಪ್ಪಿನಕಾಯಿ, ಜಾಮು ಖಾಲಿಯಾದ ಗಾಜಿನ ಬಾಟಲಿಗಳು ಫ್ರಿಜ್ಜಿಗೆ ಚೆನ್ನ. ಬಿಸಿನೀರಿನಲ್ಲಿ ತೊಳೆದು ಒಣಗಿಸಿ ತುಂಬಿ, "ಇದು ನಿಮಗೇ, ವಾಪಸ್ ಬೇಡ" ಅಂತ ಮುಚ್ಚಳದ ಮೇಲೆ ಬರೆಯಿರಿ. ಒಳ್ಳೆಯ ಡಬ್ಬಿಯೇ ಕೊಡೋದಾದರೆ ಮುಂದಿನ ಸಲ ಹೋದಾಗ ತೊಳೆಯದ್ದನ್ನೇ ಇಸ್ಕೊಂಡು ಬನ್ನಿ, ಮೊದಲೇ ಹಾಗೆ ಹೇಳಿಬಿಡಿ.

ಫ್ರೀಜರಿಗೆ ಬೇಳೆ, ಕಡಲೆ, ಟೊಮ್ಯಾಟೊ ಸಾಸಿನಲ್ಲಿ ಬೇಯಿಸಿದ ಸೋಯಾ, ಆ ಕಾಳಿನ ಬಿಲ್ಲೆ ಎಲ್ಲ ಆಗುತ್ತದೆ. ಆಲೂಗಡ್ಡೆ ತುಂಡು ಬೇಡ, ಕರಗಿದ ಮೇಲೆ ಮರಳು ಮರಳಾಗುತ್ತದೆ. ಬೆಂದ ಪಾಸ್ತಾ ಮುದ್ದೆಯಾಗುತ್ತದೆ, ಮೊಸರು ಹಾಕಿದ್ದು ಒಡೆಯುತ್ತದೆ. ಅದಕ್ಕೆ ರೋಲಿನ ಕಡಲೆಗೆ ಮೊಸರು ತಿನ್ನೋ ದಿನವೇ ಕಲಸಲಿ. ಒಂದು ಹೊತ್ತಿಗೆ ಆಗೋಷ್ಟು ಚಿಕ್ಕ ಚಿಕ್ಕ ಚೀಲದಲ್ಲಿ ಚಪ್ಪಟೆಯಾಗಿ ತುಂಬಿ, ಬೇಗ ಕರಗುತ್ತದೆ. ಗಾಜಿನ ಬಾಟಲಿ ಫ್ರೀಜರಿಗೆ ಇಟ್ಟರೆ ಸೀಳಬಹುದು, ಅದು ಬೇಡ. ಫ್ರಿಜ್ಜಿನಲ್ಲಾದರೆ 3ರಿಂದ 4 ದಿನ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು ರುಚಿ ಕೆಡಲ್ಲ. ಕರಗಿಸೋದು ಫ್ರಿಜ್ಜಿನಲ್ಲೇ, ಹೊರಗೆ ಇಟ್ಟು ಅಲ್ಲ. ತಿನ್ನೋವಾಗ ನಡುವಿನವರೆಗೂ ಹಬೆಯಾಡೋ ಹಾಗೆ ಒಂದೇ ಸಲ ಬಿಸಿ ಮಾಡಲಿ.

ಪ್ರತಿ ಚೀಲದ ಮೇಲೂ ಮೂರು ಸಾಲು: ಏನಿದೆ, ಮಾಡಿದ ತಾರೀಕು, ಹೇಗೆ ಬಿಸಿ ಮಾಡಬೇಕು. ನಿದ್ದೆಗೆಟ್ಟ ಅಪ್ಪನೂ ಓದಿ ಮಾಡೋ ಹಾಗೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಪಕ್ಕದಮನೆ:
ಬರೆಯುತ್ತೇನೆ. ಕಡಲೆ ಇವತ್ತು ರಾತ್ರಿಯೇ ನೆನೆಸುತ್ತೇನೆ, ಮೊದಲ ಕಂತು ಫ್ರೀಜರಿಗೆ.